ಮ್ಯಾಪ್ ತೋರಿಸುವ ಆ ಎಡ ತಿರುವಿನಲ್ಲಿ ನಾವಿದ್ದೇವೆ

ಬೆಳಿಗ್ಗೆಯಿಂದ ಕೈ ನಡುಕ ನಿಂತಿಲ್ಲ.

ಇಂಗ್ಲೆಂಡಿನ ಈ ಹಳ್ಳಿಯಲ್ಲಿ ಅಮ್ಮ ಮತ್ತು ಪಕ್ಕದ ಮನೆ ಅಜ್ಜಿ ದಿನಾ ಏಳೂವರೆಗೆ ವಾಕಿಂಗ್ ಹೋಗುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅಜ್ಜಿಗೆ ಕನ್ನಡ ಬರಲ್ಲ. ಆದರೂ ಎರಡು ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ. ಇವತ್ತು ಚರ್ಚಿನ ತಿರುವಿನಿಂದ ಬಂದ ಬಿಳಿ ವ್ಯಾನಿನ ಕನ್ನಡಿ ಅಮ್ಮನ ಶಾಲಿಗೆ ಸಿಕ್ಕಿಕೊಂಡಿತು. ಎಂಬತ್ತೆರಡರ ಅಜ್ಜಿ ಗೋಡೆಗೆ ಎಳೆದುಕೊಂಡಿದ್ದಕ್ಕೆ ಅಮ್ಮ ಉಳಿದಳು. ನಾನು ಗೇಟಿನಲ್ಲೇ ನಿಂತಿದ್ದೆ. ವ್ಯಾನ್ ನಿಲ್ಲಲಿಲ್ಲ.

ನಮ್ಮ ಹಳ್ಳಿ ನಿಮಗೆಲ್ಲ ಗೊತ್ತು. ನಾನೂರು ಜನ, ಒಂದು ಚರ್ಚು, ಒಂದು ಪಬ್. ಕುದುರೆ ಗಾಡಿ ಕಾಲದ ರಸ್ತೆ. ಎರಡೂ ಕಡೆ ಮನೆ ಗೋಡೆಗಳು ಟಾರಿನ ಅಂಚಿಗೇ ಬಂದು ನಿಂತಿವೆ. ಫುಟ್‌ಪಾತ್ ಇಲ್ಲ, ಮಾಡಲು ಜಾಗವೂ ಇಲ್ಲ.

ಇಂಥ ರಸ್ತೆಗೆ ಇಷ್ಟು ಗಾಡಿ ಎಲ್ಲಿಂದ ಅಂತೀರಾ? ಎ303ರಿಂದ, ಅಂದರೆ ಲಂಡನ್ ಕಡೆಯಿಂದ ನೈಋತ್ಯಕ್ಕೆ ಹೋಗುವ ಹೆದ್ದಾರಿಯಿಂದ. ಪುರಾತನ ಕಲ್ಲುಗಳ ಸ್ಟೋನ್‌ಹೆಂಜ್ ಹತ್ತಿರ ಆ ದೊಡ್ಡ ರಸ್ತೆ ಕಡೆಗೊಂದು ಲೇನಿಗೆ ಇಳಿಯುತ್ತದೆ. ರಜೆ ಬಂದರೆ ಉದ್ದಕ್ಕೆ ಸಾಲು. ಆಗ ಫೋನಿನ ಮ್ಯಾಪ್ ಎಡಕ್ಕೆ ತಿರುಗಿ ಅನ್ನುತ್ತದೆ, ಗಾಡಿಗಳು ನಮ್ಮೂರಿಗೆ ಬರುತ್ತವೆ. ಸ್ಟೋನ್‌ಹೆಂಜ್ ಹತ್ತಿರ ಎ303ಕ್ಕೆ ಸುಮಾರು 3 ಕಿಲೋಮೀಟರ್ ಸುರಂಗ ಆಗಬೇಕಿತ್ತು. 2024ರ ಜುಲೈನಲ್ಲಿ ಸರ್ಕಾರ ಖರ್ಚು ಜಾಸ್ತಿ ಅಂತ ಕೈಬಿಟ್ಟಿತು. ಸುರಂಗ ಸರಿಯೋ ತಪ್ಪೋ ಬೇರೆ ಮಾತು. ಸಾಲು ಮಾತ್ರ ಹಾಗೇ ಇದೆ.

ಊರು ಅರ್ಧ ಮೈಲಿ ಉದ್ದ. ಮಿತಿಯಂತೆ ಗಂಟೆಗೆ 30 ಮೈಲಿಯಲ್ಲಿ ಬಂದರೆ ದಾಟಲು ಒಂದು ನಿಮಿಷ. 40ರಲ್ಲಿ ಬಂದರೆ 45 ಸೆಕೆಂಡ್. ಉಳಿಯುವುದು 15 ಸೆಕೆಂಡ್! ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಪ್ರಕಾರ 30ರಲ್ಲಿರುವ ಕಾರು ನಿಲ್ಲಲು 23 ಮೀಟರ್ ಬೇಕು, 40ರಲ್ಲಿ 36. ಚರ್ಚಿನ ತಿರುವಿನಿಂದ ನಮ್ಮ ಗೇಟಿಗೆ 28 ಮೀಟರ್. ಟೇಪು ಹಿಡಿದು ನಾನೇ ಅಳೆದಿದ್ದೇನೆ.

ನಮ್ಮ ಪಂಚಾಯಿತಿಯಂಥ ಪ್ಯಾರಿಶ್ ಕೌನ್ಸಿಲ್‌ಗೆ ವೇಗದ ಮಿತಿ ಬದಲಿಸುವ ಅಧಿಕಾರ ಇಲ್ಲ. ಅಧಿಕಾರ ಇರುವವರ ಹತ್ತಿರ ಹೋದರೆ, ಇಲ್ಲಿ ಎಷ್ಟು ಜನಕ್ಕೆ ಪೆಟ್ಟಾಗಿದೆ ಅಂತ ಕೇಳುತ್ತಾರೆ. ಇವತ್ತಿನದು ಅವರ ಲೆಕ್ಕಕ್ಕೆ ಬರಲ್ಲ. ಹರಿದದ್ದು ಬರೀ ಶಾಲು, ಅಲ್ವಾ?

ನೀವೂ ಕಾರು ಓಡಿಸುತ್ತೀರಲ್ಲ, ರಸ್ತೆ ಎಲ್ಲರದೂ ಅಂತ ಕೆಲವರು ಹೇಳುತ್ತಾರೆ. ಹೌದು, ಓಡಿಸುತ್ತೇನೆ. ಬಸ್ಸಿಲ್ಲದ ಊರು, ಡಾಕ್ಟರು ಏಳು ಮೈಲಿ ದೂರ. ಆದರೆ ಎಲ್ಲರದೂ ಅಂದರೆ ಅಮ್ಮನದೂ ತಾನೇ? ಹೆಚ್ಚು ಹಾನಿ ಮಾಡಬಲ್ಲ ಗಾಡಿಯವರಿಗೇ ಹೆಚ್ಚು ಹೊಣೆ ಅಂತ 2022ರಲ್ಲಿ ಅದೇ ಹೈವೇ ಕೋಡಿಗೆ ಸೇರಿಸಿದ್ದಾರೆ.

ಒಂದು ಮಾತು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಮಗಳ ಸ್ಕೂಲಿಗೆ ತಡವಾಯಿತು ಅಂತ ಪಕ್ಕದ ಹಳ್ಳಿಯಲ್ಲಿ ನಾನೇ 37ರಲ್ಲಿ ಹೋಗಿದ್ದೆ. ಸ್ಪೀಡ್ ಗನ್ ಹಿಡಿದು ನಿಂತ ಆ ಊರಿನವರು ನಂಬರ್ ಬರೆದುಕೊಂಡರು. ಪೊಲೀಸರ ಪತ್ರ ಬಂತು. ದಂಡ ಇರಲಿಲ್ಲ, ಬರೀ ಎಚ್ಚರಿಕೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆ ಊರಿನ ಗೋಡೆ ಪಕ್ಕದಲ್ಲೂ ಯಾರದೋ ಅಮ್ಮ ನಡೆದು ಹೋಗುತ್ತಿದ್ದಿರಬಹುದು. ಮರುವಾರವೇ, ಹಾಗೇ ಗಾಡಿಗಳ ವೇಗ ಅಳೆಯುವ ನಮ್ಮೂರಿನ ಸ್ಪೀಡ್‌ವಾಚ್ ಗುಂಪಿಗೆ ಸೇರಿದೆ.

ರೆಡಿಂಗ್, ಸ್ಲೌ ಕಡೆಯ ಗೆಳೆಯರೇ, ಬೇಸಿಗೆ ರಜೆಗೆ ಕಾರ್ನ್‌ವಾಲ್‌ಗೆ ಹೊರಡುತ್ತೀರಿ. ಜಾಮ್ ಇದ್ದರೆ ದಯವಿಟ್ಟು ಎ303ರಲ್ಲೇ ಇರಿ. ಇಳಿಯಲೇಬೇಕು ಅಂದರೆ 20ರಲ್ಲಿ ಬನ್ನಿ. ನಮ್ಮ ಮನೆಯಲ್ಲಿ ಕಾಫಿ ಕುಡಿದೇ ಹೋಗಿ.

ನಾಳೆಯೂ ಏಳೂವರೆಗೆ ಹೋಗುತ್ತೇನೆ ಅಂತ ಅಮ್ಮ ಹಟ ಹಿಡಿದಿದ್ದಾಳೆ. ಮಧ್ಯಾಹ್ನ ಅಜ್ಜಿ ಬಂದು ಅವಳಿಗೆ ಒಂದು ಹೊಳೆಯುವ ಹಳದಿ ಜಾಕೆಟ್ ಕೊಟ್ಟು ಹೋದರು.