ಆ ಅಜ್ಜಿ ರಾಜ್‌ಕುಮಾರ್ ಹೀರೋಯಿನ್ ಕಣೇ

ಹೋದ ಭಾನುವಾರ ಊಟ ಆದ್ಮೇಲೆ ಅಮ್ಮ ಟಿವಿಲಿ 'ಅನುರಾಗ ಅರಳಿತು' ಹಾಕ್ಕೊಂಡು ಕೂತಿದ್ರು, ಪಕ್ಕದಲ್ಲಿ ಅಕ್ಕನ ಮಗಳು, ಆರನೇ ಕ್ಲಾಸು, ಒಂದು ಕಣ್ಣು ಟಿವಿ ಮೇಲೆ ಒಂದು ಕಣ್ಣು ಮೊಬೈಲ್ ಮೇಲೆ. ಹಾಸಿಗೆ ಹಿಡಿದಿರೋ ತಾಯಿ ಹತ್ರ ರಾಜ್‌ಕುಮಾರ್ ಮಾತಾಡೋ ಸೀನ್ ಬಂತು. "ಅಜ್ಜಿ, ಆ ಅಜ್ಜಿ ಯಾರು?" ಅಂದ್ಲು. ಅಮ್ಮ ಅಡಿಕೆ ಕತ್ತರಿಸ್ತಾ ಇದ್ದವರು ತಲೆ ಕೂಡ ಎತ್ತದೇ "ಅವ್ರಾ? ರಾಜ್‌ಕುಮಾರ್ ಹೀರೋಯಿನ್ ಕಣೇ" ಅಂದ್ರು. ಹುಡುಗಿ ಬಿದ್ದು ಬಿದ್ದು ನಕ್ಕಳು. ಅಜ್ಜಿಗೆ ಮರೆವು ಶುರುವಾಯ್ತು ಅಂದ್ಕೊಂಡ್ಲೋ ಏನೋ.

ಆದ್ರೆ ಅಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. 1954ರ 'ಬೇಡರ ಕಣ್ಣಪ್ಪ', ಮುತ್ತುರಾಜ್‌ಗೆ ಎಚ್.ಎಲ್.ಎನ್. ಸಿಂಹ ಅವರು ರಾಜ್‌ಕುಮಾರ್ ಅಂತ ಹೆಸರಿಟ್ಟು ನಾಯಕ ಮಾಡಿದ ಚಿತ್ರ, ಅದರಲ್ಲಿ ಕಣ್ಣಪ್ಪನ ಹೆಂಡತಿ ಆಗಿದ್ದವರೇ ಪಂಡರಿಬಾಯಿ, ಟಿವಿಲಿ ಕಂಡ ಆ ಅಜ್ಜಿ. ಅವತ್ತು ಆ ಸೆಟ್‌ನಲ್ಲಿ ಹೊಸಬರು ರಾಜ್‌ಕುಮಾರ್, ಅನುಭವಸ್ಥೆ ಆಕೆ. ಭಟ್ಕಳದಲ್ಲಿ ಹುಟ್ಟಿದವರು, ಹರಿಕಥೆ ನಾಟಕ ಅಂತ ಬೆಳೆದವರು, 1943ರಲ್ಲೇ 'ವಾಣಿ' ಚಿತ್ರದಲ್ಲಿ ಕ್ಯಾಮೆರಾ ಮುಂದೆ ನಿಂತಿದ್ರು, ಅದೇ ಪಿಟೀಲು ಚೌಡಯ್ಯನವರ ಚಿತ್ರ. ಅಂದ್ರೆ ರಾಜ್‌ಕುಮಾರ್ ನಾಯಕನಾಗಿ ಮೊದಲ ಶಾಟ್ ಕೊಡೋ ಹೊತ್ತಿಗೆ ಎದುರಿಗಿದ್ದ ಹೆಣ್ಣುಮಗಳಿಗೆ ಹನ್ನೊಂದು ವರ್ಷದ ಸರ್ವಿಸ್ ಆಗಿತ್ತು.

ಇಷ್ಟೇ ಅಲ್ಲ ಕೇಳಿ. 'ಬೇಡರ ಕಣ್ಣಪ್ಪ'ಕ್ಕಿಂತ ಎರಡು ವರ್ಷ ಮುಂಚೆ, 1952ರಲ್ಲಿ ತಮಿಳಲ್ಲಿ 'ಪರಾಶಕ್ತಿ' ಬಂತು, ಶಿವಾಜಿ ಗಣೇಶನ್ ಅವರ ಮೊಟ್ಟಮೊದಲ ಚಿತ್ರ. ಅದರಲ್ಲೂ ನಾಯಕಿ ಇವರೇ! ಆ ಕಡೆ ತಮಿಳರು ತಲೆ ಮೇಲೆ ಹೊತ್ತು ಮೆರೆಸಿದ ನಟ, ಈ ಕಡೆ ನಾವು ಮೆರೆಸಿದ ನಟ, ಇಬ್ಬರ ಮೊದಲ ನಾಯಕಿನೂ ಒಬ್ಬರೇ ಕನ್ನಡದ ಹೆಣ್ಣುಮಗಳು. ಇದನ್ನ ನಾನು ಕಾಲೇಜಲ್ಲಿ ಮೊದಲ ಸಲ ಓದಿದಾಗ ಎರಡು ಸಲ ತಿರುಗಿಸಿ ಓದಿದ್ದೆ. ನಮ್ಮ ಊರಿನ ಕ್ವಿಜ್‌ಗಳಲ್ಲಿ ರಾಜ್‌ಕುಮಾರ್ ಮೊದಲ ಚಿತ್ರ ಯಾವುದು ಅಂತ ಸಾವಿರ ಸಲ ಕೇಳಿದ್ದಾರೆ, ಈ ಪ್ರಶ್ನೆ ಒಂದು ಸಲನೂ ಕೇಳಿದ್ದು ನಾನು ಕೇಳಿಲ್ಲ.

ಆಮೇಲೆ ಏನಾಯ್ತು ನೋಡಿ. 1969ರಲ್ಲಿ ತಮಿಳಲ್ಲಿ 'ದೈವಮಗನ್', ಶಿವಾಜಿಗೆ ಮೂರು ಪಾತ್ರ, ಒಬ್ಬ ಅಪ್ಪ ಇಬ್ಬರು ಮಕ್ಕಳು. ಪಂಡರಿಬಾಯಿ ಆ ಅಪ್ಪನ ಹೆಂಡತಿ, ಹಾಗಾಗಿ ಆ ಇಬ್ಬರ ತಾಯಿ. ಒಂದೇ ಚಿತ್ರದಲ್ಲಿ ಒಬ್ಬನೇ ನಟನಿಗೆ ಹೆಂಡತಿನೂ ತಾಯಿನೂ ಆಗಿ ನಟಿಸಬೇಕು, ಅದೂ ಹೆಚ್ಚು ಕಡಿಮೆ ತನ್ನ ವಾರಗೆಯ ನಟನಿಗೆ. ಕನ್ನಡದಲ್ಲಿ 1974ರ ಹೊತ್ತಿಗೆ 'ಎರಡು ಕನಸು'ನಲ್ಲಿ ರಾಜ್‌ಕುಮಾರ್‌ಗೆ ತಾಯಿ, ಕಣ್ಣಪ್ಪನ ಹೆಂಡತಿ ಆಗಿ ಸರಿಯಾಗಿ ಇಪ್ಪತ್ತು ವರ್ಷಕ್ಕೆ. 1986ರಲ್ಲಿ 'ಅನುರಾಗ ಅರಳಿತು', ಮತ್ತೆ ತಾಯಿ. ಅದೇ ಕಥೆ 1992ರಲ್ಲಿ ತಮಿಳಲ್ಲಿ 'ಮನ್ನನ್' ಆಯ್ತು, ಅಲ್ಲಿ ನಾಯಕ ರಜನಿಕಾಂತ್, ಬೆಂಗಳೂರಲ್ಲಿ ಬಸ್ ಕಂಡಕ್ಟರ್ ಆಗಿದ್ದ ನಮ್ಮ ರಜನಿಕಾಂತ್, ಅಲ್ಲೂ ತಾಯಿ ಪಾತ್ರಕ್ಕೆ ಇವರನ್ನೇ ಕರೆಸಿದ್ರು. ಮಗ ಅಮ್ಮನನ್ನ ಎತ್ತಿಕೊಂಡು ದೇವಸ್ಥಾನಕ್ಕೆ ಹೋಗೋ ಹಾಡಿದೆಯಲ್ಲ, ತಮಿಳುನಾಡಲ್ಲಿ ಈಗಲೂ ಅಮ್ಮ ಅಂದ್ರೆ ಆ ಹಾಡೇ. ಆ ಹಾಡಲ್ಲಿ ಆಕೆಗೆ ಮಾತಿಲ್ಲ, ಎದ್ದು ಓಡಾಡೋ ಹಾಗಿಲ್ಲ, ಇರೋದು ಮುಖ ಒಂದೇ. ಆ ಮುಖ ನೋಡಿ ಸಾಕು. 1952ರಿಂದ 1992, ನಲವತ್ತು ವರ್ಷ, ಶಿವಾಜಿ ನಾಯಕಿಯಿಂದ ರಜನಿ ತಾಯಿವರೆಗೆ. 1994ರಲ್ಲಿ ಅಪಘಾತವೊಂದರಲ್ಲಿ ಕೈ ಕಳ್ಕೊಂಡ್ರು ಆಕೆ. 2003ರ ಜನವರಿಲಿ ಹೋದ್ರು.

ನಾಯಕ ನಾಯಕನಾಗೇ ಉಳಿತಾನೆ, ಜೊತೆಗಿದ್ದ ನಾಯಕಿ ಅವನ ತಾಯಿ ಆಗ್ತಾಳೆ. ಇದು ಅನ್ಯಾಯನೇ, ಅದರಲ್ಲಿ ಎರಡು ಮಾತಿಲ್ಲ. ಲೀಲಾವತಿ ಅಮ್ಮನವರದ್ದೂ ಇದೇ ಕಥೆ. 1960ರ 'ರಣಧೀರ ಕಂಠೀರವ'ದಲ್ಲಿ ರಾಜ್‌ಕುಮಾರ್ ಜೊತೆ ನಾಯಕಿ, 1972ರ 'ನಾಗರಹಾವು'ನಲ್ಲಿ ಚಾಮಯ್ಯ ಮೇಷ್ಟ್ರ ಹೆಂಡತಿ ತುಂಗಮ್ಮ, ರಾಮಾಚಾರಿಗೆ ಹೆತ್ತ ತಾಯಿಗಿಂತ ಹೆಚ್ಚು. ಅದೇ 1972ರಲ್ಲೇ ರಾಜ್‌ಕುಮಾರ್ 'ಬಂಗಾರದ ಮನುಷ್ಯ'ದಲ್ಲಿ ಭಾರತಿಯವರಿಗೆ ನಾಯಕ. ಆದ್ರೆ ನನಗೆ ಇದರ ಜೊತೆಗೇ ಇನ್ನೊಂದು ಮಾತು ಹೇಳ್ಬೇಕು. ಪಾತ್ರ ಚಿಕ್ಕದಾಯ್ತು ಅಂತ ಇವರು ನಟನೆ ಚಿಕ್ಕದು ಮಾಡ್ಲಿಲ್ಲ. ತುಂಗಮ್ಮ ಇಲ್ಲದ ಚಾಮಯ್ಯ ಮೇಷ್ಟ್ರ ಮನೆ ಒಂದು ಸಲ ಊಹಿಸ್ಕೊಂಡು ನೋಡಿ. ರಾಮಾಚಾರಿ ಆ ಮನೆಗೆ ಯಾಕೆ ಬರ್ಬೇಕು ಆಗ?

ಚಾಮಯ್ಯ ಮೇಷ್ಟ್ರು ಅಂದ್ನಲ್ಲ, ಕೆ.ಎಸ್. ಅಶ್ವಥ್ ಬಗ್ಗೆ ಹೇಳದೇ ಮುಂದೆ ಹೋಗಕ್ಕಾಗಲ್ಲ. ಮೈಸೂರಿನವರು, 1925ರಲ್ಲಿ ಹುಟ್ಟಿದ್ದು, 1955ರ 'ಸ್ತ್ರೀರತ್ನ'ದಿಂದ ಶುರು. ರಾಜ್‌ಕುಮಾರ್ ಹುಟ್ಟಿದ್ದು 1929. ನಾಲ್ಕೇ ವರ್ಷ ದೊಡ್ಡವರು! ಎಷ್ಟು ಚಿತ್ರದಲ್ಲಿ ಅವರಿಗೆ ಅಪ್ಪ ಆಗಿಲ್ಲ ಹೇಳಿ. ನಾವ್ಯಾರೂ ಒಂದು ದಿನ ಅನುಮಾನ ಪಟ್ಟಿಲ್ಲ, ಯಾಕಂದ್ರೆ ಆ ಮನುಷ್ಯ ಬೆನ್ನು ಸ್ವಲ್ಪ ಬಗ್ಗಿಸಿ, ಹೆಗಲ ಮೇಲಿನ ವಸ್ತ್ರ ಸರಿ ಮಾಡ್ಕೊಂಡು, ದನಿ ಅರ್ಧ ನುಂಗಿ ಮಾತಾಡಿದ್ರೆ ಅಪ್ಪನೇ ಮಾತಾಡಿದ ಹಾಗೆ. 'ಕಸ್ತೂರಿ ನಿವಾಸ'ದ ರಾಮಯ್ಯನ್ನ ನೆನಪು ಮಾಡ್ಕೊಳ್ಳಿ, ಮನೆ ಆಳು, ಧಣಿ ಸಿರಿವಂತನಾಗಿದ್ದಾಗ ಹೇಗೋ ಬೀದಿಗೆ ಬಂದಾಗಲೂ ಹಾಗೇ ಕೈ ಕಟ್ಟಿ ನಿಲ್ಲೋನು. ಆ ಚಿತ್ರದ ಕೊನೆಯಲ್ಲಿ ನಾವು ಅಳೋದು ರಾಜ್‌ಕುಮಾರ್‌ಗೋಸ್ಕರ ಅಂತ ಅನ್ಕೊಂಡಿರ್ತೀವಿ. ಮುಂದಿನ ಸಲ ನೋಡುವಾಗ ರಾಮಯ್ಯನ ಮೇಲೆ ಕಣ್ಣಿಡಿ, ಅಳು ಅಲ್ಲಿಂದ ಶುರುವಾಗತ್ತೆ.

'ನಾಗರಹಾವು'ದ ಕೊನೆ ನಿಮಗೆಲ್ಲ ಗೊತ್ತು. ಚಿತ್ರದುರ್ಗದ ಬೆಟ್ಟದ ಮೇಲೆ ಮೇಷ್ಟ್ರು ಸಾಯೋದು ಶಿಷ್ಯನ ಕೈಯಿಂದಲೇ, ಅವನು ಬೇಕು ಅಂತ ಮಾಡಿದ್ದಲ್ಲ, ಕೈ ತಗುಲಿ ಆಗೋದು, ಆಮೇಲೆ ಶಿಷ್ಯನೂ ಉಳಿಯಲ್ಲ. ನಿಜ ಜೀವನದಲ್ಲಿ ಇದು ತಿರುಗಾ ಮುರುಗಾ ಆಯ್ತು. ಶಿಷ್ಯ ರಾಮಾಚಾರಿ ಆಗಿದ್ದ ವಿಷ್ಣುವರ್ಧನ್ 2009ರ ಡಿಸೆಂಬರ್ 30ಕ್ಕೆ ಹೋದ್ರು, ಅಶ್ವಥ್ 2010ರ ಜನವರಿ 18ಕ್ಕೆ, ಹತ್ತೊಂಬತ್ತೇ ದಿನ ನಡುವೆ. ವಿಷ್ಣು ಹೋಗೋ ಹಿಂದಿನ ದಿನ, ಡಿಸೆಂಬರ್ 29ಕ್ಕೆ, ಗಾಯಕ ಸಿ. ಅಶ್ವಥ್ ತೀರ್ಕೊಂಡಿದ್ರು, ಅವತ್ತು ಅವರ ಹುಟ್ಟುಹಬ್ಬ ಬೇರೆ. ಆ ವಾರ ನಮ್ಮ ಬೀದಿಯಲ್ಲಿ ಎಷ್ಟೋ ಜನ ಚಾಮಯ್ಯ ಮೇಷ್ಟ್ರೇ ಹೋಗ್ಬಿಟ್ರು ಅಂದ್ಕೊಂಡಿದ್ರು, ಇಲ್ಲ ಇಲ್ಲ ಅವರು ಮೈಸೂರಲ್ಲಿದ್ದಾರೆ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದ್ದೆ. ಮೂರು ವಾರ ತುಂಬೋದ್ರೊಳಗೆ ಅದೇ ನಾಲ್ಕು ಜನಕ್ಕೆ ಹೌದು ಅಂತ ಹೇಳ್ಬೇಕಾಯ್ತು.

ಈಗ ನಮ್ಮಮ್ಮನ ತವರಿನ ಕಡೆ ಬರ್ತೀನಿ. ಅಮ್ಮ ತಿಪಟೂರಿನವರು, ಅಲ್ಲಿಯವರಿಗೆ ತೆಂಗಿನಕಾಯಿ ಬಿಟ್ರೆ ಹೆಮ್ಮೆ ಅಂದ್ರೆ ನರಸಿಂಹರಾಜು. ಅದೇ ರೈಲು ದಾರಿಲಿ ಮುಂದೆ ಹೋದ್ರೆ ಅರಸೀಕೆರೆ, ಅದು ಬಾಲಕೃಷ್ಣ ಅವರ ಊರು. ಕನ್ನಡದವರನ್ನ ಎರಡು ಮೂರು ತಲೆಮಾರು ನಗಿಸಿದ ಜೋಡಿ ಒಂದೇ ರೈಲು ದಾರಿಯ ಎರಡು ಊರಿಂದ ಬಂದಿದ್ದು. ನರಸಿಂಹರಾಜು ಅವರಿಗೂ ಮೊದಲ ಚಿತ್ರ 'ಬೇಡರ ಕಣ್ಣಪ್ಪ'ವೇ, ರಾಜ್‌ಕುಮಾರ್ ಜೊತೆಗೇ ಹೊರಟವರು. ಮೊದಲು ನರಸಿಂಹರಾಜು ಡೇಟ್ಸ್ ಸಿಗ್ಬೇಕು ಆಮೇಲೆ ನಾಯಕನ ಡೇಟ್ಸ್ ಅನ್ನೋ ಕಾಲ ಇತ್ತು ಅಂತ ಗಾಂಧಿನಗರದ ಹಳಬರು ಈಗಲೂ ಹೇಳ್ತಾರೆ. 1979ರಲ್ಲಿ, ಇನ್ನೂ 56 ತುಂಬೋ ಮೊದಲೇ, ಹೋಗ್ಬಿಟ್ರು. ಅವರು ಹೋದ ದಿನ ಅಮ್ಮನ ತವರಲ್ಲಿ ಒಲೆ ಹಚ್ಚಿರ್ಲಿಲ್ವಂತೆ.

ಬಾಲಣ್ಣನ ಮಾತು ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಿಲ್ಲದವರು ತುಂಬಾ ಜನ ಇದ್ದಾರೆ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸ್ತಿರ್ಲಿಲ್ಲ. ಒಂದ್ನಿಮಿಷ ಯೋಚನೆ ಮಾಡಿ. ಡೈಲಾಗ್ ಅಂದ್ರೆ ಕೊಟ್ಟು ತಗೊಳ್ಳೋದು, ಎದುರಿನವರ ಮಾತಿನ ಬಾಲ ಹಿಡಿದು ನಮ್ಮ ಮಾತು ಎತ್ಕೋಬೇಕು, ಕಾಮಿಡಿಲಂತೂ ಕಾಲು ಸೆಕೆಂಡ್ ಹಿಂದೆ ಮುಂದೆ ಆದ್ರೆ ನಗು ಸತ್ತೋಯ್ತು. ಕಿವಿ ಕೇಳದವರು ಆ ಕೆಲಸನ 1943ರ 'ರಾಧಾರಮಣ'ದಿಂದ ಹಿಡಿದು ಐವತ್ತು ವರ್ಷದ ಹತ್ತಿರ, 500ಕ್ಕೂ ಹೆಚ್ಚು ಚಿತ್ರದಲ್ಲಿ ಮಾಡಿದ್ದಾರೆ, ಎದುರಿನವರ ತುಟಿ ನೋಡ್ಕೊಂಡು. ಇದು ಗೊತ್ತಾದ್ಮೇಲೆ ನಾನು ಅವರ ಚಿತ್ರ ನೋಡೋ ರೀತಿನೇ ಬದಲಾಯ್ತು. ಬೇರೆಯವರು ಮಾತಾಡುವಾಗ ಬಾಲಣ್ಣನ ಕಣ್ಣು ನೋಡಿ, ಅದು ಎದುರಿನವರ ಮುಖ ಬಿಟ್ಟು ಅಲ್ಲಾಡಲ್ಲ, ಕತ್ತು ಸ್ವಲ್ಪ ಮುಂದೆ ಬಂದಿರತ್ತೆ, ಅದನ್ನೇ ಕಪಟಿ ಪಾತ್ರಕ್ಕೆ ಹೊಂಚು ಹಾಕೋ ನೋಟ ಮಾಡಿದ್ರು, ಒಳ್ಳೆಯವನ ಪಾತ್ರಕ್ಕೆ ಕಕ್ಕುಲಾತಿ ಮಾಡಿದ್ರು. 'ಬಂಗಾರದ ಮನುಷ್ಯ'ದ ರಾಚೂಟಪ್ಪನ್ನ ನೋಡಿ, ಊರಿಗೆ ಹೊಸದಾಗಿ ಬಂದ ಹುಡುಗನ ಮಾತನ್ನ ಅಷ್ಟು ಗಮನ ಕೊಟ್ಟು ಕೇಳಿಸ್ಕೊಳ್ಳೋ ಹಿರಿಯ ನನಗೆ ಇನ್ಯಾವ ಚಿತ್ರದಲ್ಲೂ ಸಿಕ್ಕಿಲ್ಲ. ಕಿವಿ ಕೇಳದ ನಟ ಕಣ್ರೀ ಅದು ಮಾಡಿದ್ದು!

'ರಣಧೀರ ಕಂಠೀರವ' ಇದೆಯಲ್ಲ, ಅದಕ್ಕೆ ದುಡ್ಡು ಹಾಕಿದ್ದು ಯಾರು ಗೊತ್ತಾ? ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ನಾಲ್ಕೂ ಜನ ಸೇರಿ. ಕನ್ನಡ ಚಿತ್ರಗಳೇ ಕಮ್ಮಿ ಇದ್ದ ಕಾಲದಲ್ಲಿ ಕಲಾವಿದರೇ ಸಂಘ ಕಟ್ಟಿ, ಊರೂರು ನಾಟಕ ಆಡಿ, ಆಮೇಲೆ ಚಿತ್ರ ತೆಗೆದ್ರು. ನಾಯಕನಿಗೂ ಹಾಸ್ಯನಟನಿಗೂ ಪಾಲು ಇತ್ತು ಆ ಚಿತ್ರದಲ್ಲಿ. ರಾಜ್‌ಕುಮಾರ್ ಕೂಡ 1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಗಡ್ಡ ಕಟ್ಕೊಂಡು ಸಾಲಲ್ಲಿ ನಿಂತಿದ್ದವರು ತಾನೇ, ಸಾಲಲ್ಲಿ ನಿಲ್ಲೋರ ಕಷ್ಟ ಅವರಿಗೆ ಗೊತ್ತಿತ್ತು. ಈ ಸೇರ್ಕೊಂಡು ಮಾಡೋ ಬುದ್ಧಿ ಅವರಿಗೆಲ್ಲ ನಾಟಕ ಕಂಪನಿಯಿಂದ ಬಂದಿದ್ದು ಅಂತ ನನ್ನ ನಂಬಿಕೆ, ಇವತ್ತು ರಾಜ ಆದವನು ನಾಳೆ ಪರದೆ ಎಳೀಬೇಕಿತ್ತು ಅಲ್ಲಿ. ಕುಸ್ತಿಪಟು ಎಂ.ಪಿ. ಶಂಕರ್ 'ಗಂಧದ ಗುಡಿ' ನಿರ್ಮಾಪಕ ಆಗಿದ್ದು, ಮೈಸೂರಲ್ಲಿ ಆಟೋ ಸ್ಪೇರ್ಸ್ ಅಂಗಡಿ ಇಟ್ಟಿದ್ದ ದ್ವಾರಕೀಶ್ 1969ಕ್ಕೆ 'ಮೇಯರ್ ಮುತ್ತಣ್ಣ' ನಿರ್ಮಾಪಕ ಆಗಿದ್ದು, ಅದು ಇನ್ನೊಂದು ದೊಡ್ಡ ಕಥೆ, ಇನ್ನೊಂದು ದಿನ ಬರೀತೀನಿ.

ಬಾಲಣ್ಣ ದುಡಿದಿದ್ದನ್ನೆಲ್ಲ ಎಲ್ಲಿ ಹಾಕಿದ್ರು? ಮೈಸೂರು ರಸ್ತೆ, ಕೆಂಗೇರಿ ಹತ್ರ, ಅಭಿಮಾನ್ ಸ್ಟುಡಿಯೋ. ಕನ್ನಡ ಚಿತ್ರಗಳು ಶೂಟಿಂಗಿಗೆ ಮದರಾಸಿಗೆ ಓಡ್ತಿದ್ದ ಕಾಲ, ಒಂದು ಫ್ಲೋರ್ ಬೇಕಂದ್ರೂ ಅಲ್ಲಿಗೇ ಹೋಗ್ಬೇಕು, ಆಗ ನಮ್ಮ ನೆಲದಲ್ಲಿ ನಮ್ಮದೊಂದು ಸ್ಟುಡಿಯೋ ಇರ್ಲಿ ಅಂತ ಒಬ್ಬ ಹಾಸ್ಯನಟ ಜೀವ ತೇದಿದ್ದು. ಇವತ್ತು ಆ ಹೆಸರು ಹೇಳಿದ್ರೆ ಎಲ್ಲರಿಗೂ ನೆನಪಾಗೋದು ವಿಷ್ಣುವರ್ಧನ್ ಅಂತ್ಯಕ್ರಿಯೆ, ಸಮಾಧಿ, 2025ರ ಆಗಸ್ಟಲ್ಲಿ ಅದನ್ನ ತೆಗೆದಾಗಿನ ನೋವು. ವಿಷ್ಣು ಅಭಿಮಾನಿ ನಾನೂ ಹೌದು, ಆ ಸುದ್ದಿ ನೋಡಿದ ದಿನ ನನಗೆ ಊಟ ಸೇರ್ಲಿಲ್ಲ. ಆದ್ರೆ ಅವತ್ತು ಬಂದ ಅಷ್ಟೊಂದು ಪೋಸ್ಟುಗಳಲ್ಲಿ ಆ ಜಾಗ ಕಟ್ಟಿದವರ ಹೆಸರು ಎಷ್ಟರಲ್ಲಿ ಇತ್ತು? ನಾನು ಸ್ಕ್ರೋಲ್ ಮಾಡಿ ಮಾಡಿ ಹುಡುಕಿದೆ, ಬಾಲಣ್ಣನ ಒಂದು ಫೋಟೋ ಕಣ್ಣಿಗೆ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು.

ಪೋಷಕ ನಟ ಅಂತೀವಿ. ಪೋಷಣೆ ಅಂದ್ರೆ ಸಾಕೋದು. ಹೆಸರಿಗೆ ತಕ್ಕ ಹಾಗೆ ಸಾಕಿದವರು ಇವರು, ಚಿತ್ರನ, ನಾಯಕನ್ನ, ನಮ್ಮನ್ನ. ಅವರ ಹೆಸರು ಇರೋದು ಒಂದೇ ಕಡೆ, ಚಿತ್ರದ ಟೈಟಲ್ ಕಾರ್ಡಲ್ಲಿ. ಈಗ ಆನ್‌ಲೈನಲ್ಲಿ ಹಳೇ ಚಿತ್ರ ಹಾಕೋರು ಮೊದಲು ಕತ್ತರಿಸೋದೇ ಅದನ್ನ, ಸೀದಾ ಮೊದಲ ಸೀನಿಂದ ಶುರು, ಇಲ್ಲಾ ಅಂದ್ರೆ ಹೆಸರುಗಳ ಮೇಲೇ ದಪ್ಪಗೆ ಲೋಗೋ ಕೂರಿಸಿರ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ ಅಂತ ಕೈ ಮುಗಿದು ಕೇಳ್ತೀನಿ. ಎರಡು ನಿಮಿಷದ ಟೈಟಲ್ ಅದು, ಅದರಲ್ಲಿ ಮೂವತ್ತು ನಲವತ್ತು ಜನರ ಇಡೀ ಬದುಕಿನ ಲೆಕ್ಕ ಇರತ್ತೆ.

ಅವತ್ತು ಸಾಯಂಕಾಲ ಹುಡುಗಿ ತಾನಾಗೇ ಬಂದು "ಮಾಮ, ಆ ಅಜ್ಜಿ ಹೀರೋಯಿನ್ ಆಗಿರೋ ಕಾಲದ ಪಿಕ್ಚರ್ ಹಾಕು" ಅಂದ್ಲು. ಹುಡುಕಿ ಒಂದು ಹಳೇ ಬ್ಲ್ಯಾಕ್ ಅಂಡ್ ವೈಟ್ ಪೌರಾಣಿಕ ಹಾಕ್ದೆ, ಅದರಲ್ಲೂ ಟೈಟಲ್ ಕಟ್. "ಹೆಸರೇ ತೋರಿಸ್ಲಿಲ್ವಲ್ಲ" ಅಂದ್ಲು. ಅಮ್ಮ ಕನ್ನಡಕ ಹಾಕ್ಕೊಂಡು ಟಿವಿ ಹತ್ರ ಕುರ್ಚಿ ಎಳ್ಕೊಂಡು ಕೂತ್ರು, ಬೆರಳಲ್ಲಿ ತೋರಿಸಿ ತೋರಿಸಿ ಹೆಸರು ಹೇಳ್ತಾ ಹೋದ್ರು, ಇವಳು ರಫ್ ನೋಟ್‌ಬುಕ್ಕಿನ ಕೊನೇ ಹಾಳೆಲಿ ಬರ್ಕೊಂಡ್ಲು. ಹನ್ನೊಂದು ಹೆಸರು ಆಯ್ತು. ಹನ್ನೆರಡನೆಯದಕ್ಕೆ ಅಮ್ಮ ನಿಂತ್ರು. ಆಸ್ಥಾನದ ಸೀನಲ್ಲಿ ಎಡಗಡೆ ಕಂಬದ ಪಕ್ಕ ನಿಂತಿರೋ ವಯಸ್ಸಾದ ಮಂತ್ರಿ, ತುಂಬಾ ಚಿತ್ರದಲ್ಲಿ ನೋಡಿರೋ ಮುಖ, ತಿಪಟೂರಲ್ಲಿ ಕಂಪನಿ ನಾಟಕದಲ್ಲೂ ನೋಡಿದ್ದೆ ಅಂತಾರೆ, ಹೆಸರು ಮಾತ್ರ ನೆನಪಾಗ್ತಿಲ್ಲ. ಮೂರು ದಿನದಿಂದ ಅಡುಗೆ ಮನೇಲೂ ಅದನ್ನೇ ಗುನುಗ್ತಾ ಇದ್ದಾರೆ. ಟಿವಿ ಪರದೆದು ಫೋಟೋ ತೆಗೆದು ಕಾಮೆಂಟಲ್ಲಿ ಹಾಕಿದ್ದೀನಿ, ಸ್ವಲ್ಪ ಮಬ್ಬಾಗಿದೆ, ನಿಮ್ಮ ಮನೇಲಿ ಹಿರಿಯರು ಇದ್ರೆ ದಯವಿಟ್ಟು ತೋರಿಸಿ ಕೇಳಿ. ನೋಟ್‌ಬುಕ್ಕಲ್ಲಿ ಹನ್ನೆರಡು ಅಂತ ನಂಬರ್ ಹಾಕಿ ಮುಂದೆ ಖಾಲಿ ಬಿಟ್ಟಿದ್ದಾಳೆ ಹುಡುಗಿ.