ಸ್ಪಷ್ಟನೆ: ಉಗ್ರ ಗುಂಪುಗಳು ಜನ ಸೇರಿಸುವುದು ಡಾರ್ಕ್ ವೆಬ್‌ನಲ್ಲಿ ಮಾತ್ರ ಅಲ್ಲ

'ಅಮೆರಿಕದ ಸರ್ಕಾರ ವಿರೋಧಿ ಉಗ್ರ ಗುಂಪುಗಳು ಡಾರ್ಕ್ ವೆಬ್‌ನಲ್ಲಿ ಮಾತ್ರ ಜನ ಸೇರಿಸುತ್ತವೆ, ಮಾಮೂಲಿ ಆ್ಯಪ್ ಬಳಸುವವರು ಹೆದರಬೇಕಿಲ್ಲ. ಇದೆಲ್ಲ ಸ್ಮಾರ್ಟ್‌ಫೋನ್ ಬಂದ ಮೇಲೆ ಶುರುವಾಗಿದ್ದು' ಎಂಬ ಸಂದೇಶ ಓಡಾಡುತ್ತಿದೆ. (ಡಾರ್ಕ್ ವೆಬ್ ಅಂದರೆ ವಿಶೇಷ ತಂತ್ರಾಂಶ ಇಲ್ಲದೆ ತೆರೆಯಲಾಗದ, ಅಂತರ್ಜಾಲದ ಗುಪ್ತ ಭಾಗ.) ಎರಡೂ ಮಾತು ತಪ್ಪು. ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ.

ಅಮೆರಿಕದ ಸರ್ಕಾರ ವಿರೋಧಿ ಬೂಗಲೂ ಎಂಬ ಗುಂಪನ್ನೇ ನೋಡಿ. ಅದು ಬೆಳೆದದ್ದು ಎಲ್ಲರೂ ಬಳಸುವ ಫೇಸ್‌ಬುಕ್‌ನಲ್ಲಿ. ಮೊದಲು ತಮಾಷೆಯ ಮೀಮ್, ಹೂವಿನ ಹವಾಯಿ ಶರ್ಟು. ಕಂಪನಿ ಒಂದು ಪದದ ಮೇಲೆ ಕಣ್ಣಿಟ್ಟರೆ, 'ಬಿಗ್ ಇಗ್ಲೂ', 'ಬಿಗ್ ಲುಆವ್' ಅಂತ ಬೇರೆ ಹೆಸರು. ನೋಡಿದವರಿಗೆ ಸುಮ್ನೆ ಹುಡುಗಾಟ ಅನ್ನಿಸಬೇಕು, ಅಲ್ವಾ? ನಕ್ಕು ಲೈಕ್ ಒತ್ತಿದವರಲ್ಲಿ ಕೆಲವರು ಆಮೇಲೆ ಖಾಸಗಿ ಗ್ರೂಪಿಗೆ ಹೋಗುತ್ತಿದ್ದರು. ನನಗೆ ಜಾಸ್ತಿ ಭಯ ಹುಟ್ಟಿಸುವುದು ಈ ನಗುವೇ.

2020ರ ಮೇ 29ರ ರಾತ್ರಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲೆಂಡ್‌ನಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಕಟ್ಟಡದ ಮುಂದೆ ವ್ಯಾನೊಂದರಿಂದ ಗುಂಡು ಹಾರಿತು. ಕಾವಲಿಗಿದ್ದ ಒಬ್ಬ ಅಧಿಕಾರಿ ಸತ್ತರು. ಬಂಧಿತರಾದ, ಬೂಗಲೂ ನಂಟಿನ ಇಬ್ಬರು ಪರಿಚಯವಾಗಿದ್ದು ಫೇಸ್‌ಬುಕ್‌ನಲ್ಲೇ ಎಂದು ತನಿಖಾಧಿಕಾರಿಗಳು ಕೋರ್ಟಿಗೆ ತಿಳಿಸಿದರು. ಹಿಂದಿನ ದಿನದ ಅವರ ಗ್ರೂಪ್ ಸಂದೇಶಗಳೂ ಆ ದಾಖಲೆಯಲ್ಲಿವೆ. ಮುಂದಿನ ತಿಂಗಳ 30ರಂದು ಫೇಸ್‌ಬುಕ್ ಈ ಜಾಲದ 220 ಖಾತೆ, 106 ಗ್ರೂಪ್ ತೆಗೆದುಹಾಕಿತು.

ಇನ್ನು 'ಸ್ಮಾರ್ಟ್‌ಫೋನ್ ಬಂದ ಮೇಲೆ' ಎಂಬ ಮಾತು. ಅಮೆರಿಕದ ಬಿಳಿಯ ಜನಾಂಗವಾದಿ ಲೂಯಿಸ್ ಬೀಮ್ 1984ರಲ್ಲೇ ಕಂಪ್ಯೂಟರ್ ಮತ್ತು ಮೋಡೆಮ್ ಬಳಸಿ, ದೂರವಾಣಿ ತಂತಿಯ ಮೂಲಕ ಬೆಂಬಲಿಗರನ್ನು ಬೆಸೆಯುವ ಜಾಲ ಕಟ್ಟಿದ್ದ. ಆಗ ವೆಬ್ಬೇ ಹುಟ್ಟಿರಲಿಲ್ಲ.

ಈ ಸಂದೇಶ ನಿಮ್ಮ ಗ್ರೂಪಿನಲ್ಲಿದ್ದರೆ ಅಳಿಸಿ, ಕಳಿಸಿದವರಿಗೆ ಸಮಾಧಾನವಾಗಿ ವಿಷಯ ತಿಳಿಸಿ.