ಸ್ಪಷ್ಟನೆ: ವಲಸಿಗರಿಂದ ಸ್ಥಳೀಯರ ಕೆಲಸ ಹೋಗುತ್ತದೆ ಎಂದು ಅಮೆರಿಕದ ಮಯಾಮಿಯಲ್ಲಿ ಸಾಬೀತಾಗಿಲ್ಲ

"ವಲಸಿಗರು ಬಂದರೆ ಸ್ಥಳೀಯ ಕೂಲಿಗಳ ಕೆಲಸ ಹೋಗುತ್ತದೆ, ಅಮೆರಿಕದಲ್ಲೇ ಸಾಬೀತಾಗಿದೆ, ಅಸ್ಸಾಮಿನವರನ್ನು ತೋಟಕ್ಕೆ ಸೇರಿಸಬೇಡಿ" ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸಾಬೀತಾಗಿದೆ ಎನ್ನುವುದು ತಪ್ಪು.

1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕ ಸೇರಿದರು. ಅವರಲ್ಲಿ ಹಲವರು ನೆಲೆಸಿದ ಮಯಾಮಿ ನಗರದಲ್ಲಿ ದುಡಿಯುವವರ ಸಂಖ್ಯೆ ಕೆಲವೇ ತಿಂಗಳಲ್ಲಿ ಶೇ. 7ರಷ್ಟು ಏರಿತು. ಆದರೂ ಕಡಿಮೆ ಕೌಶಲದ ಸ್ಥಳೀಯರ ಕೂಲಿಯಾಗಲಿ ಕೆಲಸವಾಗಲಿ ಕುಸಿದದ್ದು ಕಾಣಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಮುಂದೆ ಇದನ್ನೇ ಮರುಪರಿಶೀಲಿಸಿ, ಹೈಸ್ಕೂಲು ಮುಗಿಸದ ಗಂಡಸರ ಕೂಲಿ ಇಳಿದಿತ್ತು ಎಂದರು. ಆ ವಾದ ಇನ್ನೂ ನಡೆದಿದೆ.

ಅಸ್ಸಾಮಿನವರಂತೂ ನಮ್ಮದೇ ದೇಶದವರು. ಕಾಫಿ ಹಣ್ಣಾದಾಗ ಒಮ್ಮೆಲೇ ಹತ್ತಾರು ಆಳು ಬೇಕು. ಕನಿಷ್ಠ ಕೂಲಿಯ ಕಾನೂನು ಅವರಿಗೂ ತೋಟದ ಲೈನ್ ಮನೆಗಳಲ್ಲಿರುವ ಇಲ್ಲಿನ ಆದಿವಾಸಿ ಯರವರಿಗೂ ಒಂದೇ. ಅದು ಸಿಗದಿದ್ದರೆ ಕೇಳಬೇಕಾದ್ದು ತೋಟದ ಮಾಲೀಕರನ್ನು.